ತಾಮ್ರದ ಕುಂಟೆ

ಮೂರನೆಯದರಿಂದ ಶುರುಮಾಡಿದೆ ನಾನು,
ಮೊದಲು ಸಿಕ್ಕದ್ದು ಅದೇ.
ಬಿವಿಕೆ ಅಯ್ಯಂಗಾರ್ ರಸ್ತೆ, ಭಾನುವಾರದ ಸಂತೆ,
ತುಕ್ಕು ಸ್ಪ್ಯಾನರು, ಮಿಕ್ಸಿಯ ಜಾರು, ಯಾರದೋ ಮದುವೆಯ ಫೋಟೋ,
ಅದರ ಕೆಳಗೆ ಇವರು ನಾಲ್ವರು:
ಉದ್ದ ಕೂದಲು, ಹಸಿದ ಮುಖ, ಹಿಂದೊಂದು ಕೆಂಪು ಹೊಲ.
ಕಾಪರ್ ಹ್ಯಾರೋ.
"ಐವತ್ತು ಕೊಡಿ ಮೇಡಂ, ಗೀರು ಬಿದ್ದಿದೆ" ಅಂದ ಜಬ್ಬಾರ್,
ಗೀರೂ ಒಂದು ಗುಣವೆಂಬಂತೆ.

ಹ್ಯಾರೋ ಅಂದರೆ ಕುಂಟೆ, ನಿಘಂಟು ನೋಡಿದೆ.
ತಾಮ್ರದ ಕುಂಟೆಯಲ್ಲಿ ಯಾರು ಹೊಲ ಹರಗುತ್ತಾರೆ?
ಎರಡು ಸಾಲಿಗೇ ಬಾಗೀತು.
ಹೆಸರಿಟ್ಟವರಿಗೆ ಬೇಸಾಯ ಗೊತ್ತಿರಲಿಲ್ಲ.
ಆದರೆ ಕಪ್ಪು ತಟ್ಟೆಗೂ ಸಾಲುಗಳಿವೆ;
ಮುಳ್ಳು ಇಳಿದದ್ದೇ
ಒಳಗೆಲ್ಲೋ ಹೆಂಟೆ ಒಡೆಯಿತು.

ನಾನು ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯವಳು.
ಇಪ್ಪತ್ತಾರು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದವಳು.
ಮುಂದೆ ಓಡಿದ್ದೂ ಹಿಂದೆ ಉಳಿದದ್ದೂ
ಒಂದೇ ಕೆಂಪು ಟ್ರೇಗೆ.
ಈಗ ವಿದ್ಯಾರಣ್ಯಪುರದ ಮಹಡಿ,
ನಾನೇ ಬಿಚ್ಚಿ ನಾನೇ ಜೋಡಿಸಿದ ಪ್ಲೇಯರು.

ಎರಡನೆಯ ಬದಿ, ಕೊನೆಗೆ ಮುಂಚಿನ ಹಾಡು.
ಡ್ರಮ್ಮಿನವ ಎಡವುತ್ತಾನೆ.
ಅರ್ಧ ಏಟು ತಡ.
ಗಿಟಾರು ಒಂದು ಕ್ಷಣ ತಿರುಗಿ ನೋಡಿದಂತೆ,
ಬೇಸಿನವ ರಟ್ಟೆ ಹಿಡಿದು ಎಬ್ಬಿಸಿದಂತೆ,
ಮತ್ತೆ ನಾಲ್ವರೂ ಒಟ್ಟಿಗೆ, ಮೊದಲಿಗಿಂತ ಜೋರು.
ಅಳಿಸಬಹುದಿತ್ತು. ಅಳಿಸಲಿಲ್ಲ.
ಮುಳ್ಳು ಎತ್ತಿ ಇಟ್ಟೆ, ಎತ್ತಿ ಇಟ್ಟೆ,
ಹನ್ನೊಂದು ಸಲ.
ಕೆಳಮನೆಯ ಪುಟ್ಟಲಿಂಗಮ್ಮ ಕಸಬರಿಕೆಯ ಹಿಡಿಯಿಂದ
ಸೂರಿಗೆ ಕುಟ್ಟಿದರು.
ಆಕೆಯ ತಾಳ ತಪ್ಪಿರಲಿಲ್ಲ.

ಮೊದಲನೆಯದು ಇದ್ದದ್ದು ಫ್ರೇಜರ್ ಟೌನಿನಲ್ಲಿ,
ಮದುವೆಗಳಿಗೆ ಸ್ಯಾಕ್ಸಫೋನು ನುಡಿಸುತ್ತಿದ್ದ
ಇಗ್ನೇಷಿಯಸ್ಸರ ಬೀರುವಿನಲ್ಲಿ.
ಕೊಡಲಿಲ್ಲ; ಕೂರಿಸಿ ಕೇಳಿಸಿದರು, ಮನೆಯ ಶುಂಠಿ ವೈನಿನ ಜೊತೆ.
ಮೀಸೆ ಬಾರದ ಹುಡುಗರ ಜಂಬ ಬರೀ.
ಪ್ರತಿ ಹಾಡೂ ಬಾಗಿಲು ಒದ್ದು ಒಳಬರುತ್ತೆ,
ಬಂದಮೇಲೆ ಏನು ಹೇಳಬೇಕೋ ತಿಳಿಯದೆ
ಕಿರುಚುತ್ತೆ.
"ಇವರನ್ನ ಯಾರೂ ಕೇಳಲಿಲ್ಲಮ್ಮ" ಅಂದರು,
"ಆನೆ ಹೋಗೋ ಬೀದೀಲಿ
ಕುದುರೆ ಯಾರ ಕಣ್ಣಿಗೆ ಬೀಳುತ್ತೆ?"

ಎರಡನೆಯದರ ಕವರು ಸಿಕ್ಕಿತು, ಒಳಗೆ ಹರಿಕಥೆ.
ಅದನ್ನೂ ಕೇಳಿದೆ. ಚೆನ್ನಾಗಿತ್ತು.
ಹಾಗಾದರೆ ಈ ಊರಿನ ಯಾವುದೋ ಮನೆಯಲ್ಲಿ
ದಾಸರ ಕವರಿನೊಳಗೆ ಈ ನಾಲ್ವರು
ತಂಬೂರಿಯ ಚಿತ್ರದ ಹಿಂದೆ ಉಸಿರು ಬಿಗಿಹಿಡಿದು ಕೂತಿರಬೇಕು,
ಏಕಾದಶಿಯ ಸಂಜೆ ಯಾರೋ ಅಜ್ಜಿ
ದೀಪ ಹಚ್ಚಿ, ಮುಳ್ಳು ಇಳಿಸುವ ತನಕ.

ನಾಲ್ಕನೆಯದರಲ್ಲಿ ಆ ಬೇಸಿನವನಿಲ್ಲ.
ಬದಲಿಗೆ ಬಂದವನು ತುಂಬ ಚೆನ್ನಾಗಿ ನುಡಿಸುತ್ತಾನೆ,
ಒಂದೂ ತಪ್ಪಿಲ್ಲ.
ನಮ್ಮಲ್ಲಿ ಪಾಸಾಗುತ್ತಿದ್ದ ಮಾಲು.
ಒಮ್ಮೆ ಕೇಳಿ ಎತ್ತಿಟ್ಟೆ.
ಐದನೆಯದೂ ಇದೆಯಂತೆ. ಬೇಡ ಅಂದರು ಇಗ್ನೇಷಿಯಸ್,
ಕೈಮುಗಿದು ಬೇಡ ಅಂದರು.
ಹುಡುಕುತ್ತಲೇ ಇದ್ದೇನೆ.

ಹೋದ ತಿಂಗಳು ಕಣ್ಣಿಗೆ ಆಪರೇಷನ್ನು,
ಎರಡು ವಾರ ಪ್ಲೇಯರಿಗೆ ಬಟ್ಟೆ ಹೊದಿಸಿದ್ದೆ.
ನೀರಿನ ಮೋಟರಿನ ಹತ್ತಿರ ಪುಟ್ಟಲಿಂಗಮ್ಮ ತಡೆದರು:
"ಏನಮ್ಮ, ಆ ದಬದಬ ಹಾಕೋದೇ ಬಿಟ್ರಾ?
ನಡುವೆ ಒಂದು ಕಡೆ ಮುಗ್ಗರಿಸ್ತಾನಲ್ಲ,
ಅಲ್ಲಿಗೇ ಕಾಯ್ತಿದ್ದೆ ನಾನು,
ಬಿದ್ದೇಹೋದನೋ, ಎದ್ದನೋ ಅಂತ."

ಇವತ್ತು ಪಟ್ಟಿ ಬಿಚ್ಚಿದರು.
ಮುಳ್ಳಿನ ಧೂಳು ಒರೆಸಿ ಇಳಿಸಿದೆ,
ಎರಡನೆಯ ಬದಿ.
ಕೆಳಗೆ ಯಾರೋ ಕುಕ್ಕರು ಆರಿಸಿದರು.